ನೀರು ಉಳಿಸುವ ನಿಯಮ ನಮಗೆ ಮಾತ್ರವಾ, ನೀರು ಕೊಡುವವರಿಗೆ ಇಲ್ವಾ?

ಪ್ರಶ್ನೆ: ನಮ್ಮದು ಒಂದು ಜಿಲ್ಲಾ ಕೇಂದ್ರ. ಎರಡು ದಿನಕ್ಕೊಮ್ಮೆ ಮೂರು ಗಂಟೆ ನಲ್ಲಿ ನೀರು ಬರುತ್ತದೆ. ಬೇಸಿಗೆ ಶುರುವಾದರೆ ಆಟೋಗೆ ಮೈಕ್ ಕಟ್ಟಿಕೊಂಡು ‘ನೀರು ಪೋಲು ಮಾಡಬೇಡಿ’ ಅಂತ ಹೇಳಿಕೊಂಡು ಹೋಗುತ್ತಾರೆ. ಆದರೆ ನಮ್ಮ ಬೀದಿಯ ತಿರುವಿನಲ್ಲಿ ಪೈಪು ಒಡೆದು 18 ದಿನ ಆಯಿತು. ನೀರು ಬಿಟ್ಟಾಗಲೆಲ್ಲ ಚರಂಡಿಗೆ ಹರಿಯುತ್ತದೆ. ಬೆಂಗಳೂರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಓದಿದ್ದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗಳು, ಅಲ್ಲಿ ನೀರು ಕೊಡುವ ಸಂಸ್ಥೆಗೇ ಸರ್ಕಾರ ಮಿತಿ ಹಾಕಿದೆ ಅಂತ ಹೇಳುತ್ತಾಳೆ. ನಮ್ಮಲ್ಲಿ ಅಂಥ ನಿಯಮ ಇದೆಯಾ?

ಉತ್ತರ: ಇದೆ. ಆದರೆ ನಿಮಗೆ ಇರುವ ಹಾಗೆ ಇಲ್ಲ. ನಿಮಗೆ ಇರುವುದು ಆದೇಶ, ಮೀರಿದರೆ ದಂಡ. ನೀರು ಕೊಡುವ ಸಂಸ್ಥೆಗೆ ಇರುವುದು ಗುರಿ. ಮುಟ್ಟಿದರೆ ಅನುದಾನ, ಮುಟ್ಟದಿದ್ದರೆ ಮುಂದಿನ ವರ್ಷ ಅದೇ ಗುರಿ. ನಿಮ್ಮ ಬೀದಿಯಲ್ಲಿ 18 ದಿನದಿಂದ ಹರಿಯುತ್ತಿರುವ ನೀರು ಈ ವ್ಯತ್ಯಾಸದಿಂದ ಹುಟ್ಟಿದ್ದು. ಪಟ್ಟಣಗಳ ನೀರು ಸರಬರಾಜಿನ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೆಂಗಳೂರಿನ ದಂಡದ ವಿಷಯ. 2024ರ ಮಾರ್ಚ್‌ನಲ್ಲಿ, ಬೋರ್‌ವೆಲ್‌ಗಳು ಒಣಗಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದ ಹೊತ್ತಿನಲ್ಲಿ, ಬೆಂಗಳೂರು ಜಲಮಂಡಳಿ ಆ ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯುವ ಹಾಗಿಲ್ಲ, ಕೈತೋಟಕ್ಕೆ ಬಿಡುವ ಹಾಗಿಲ್ಲ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಬಳಸುವ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ. ಮತ್ತೆ ಮಾಡಿದರೆ ಇನ್ನೊಮ್ಮೆ 5,000, ಜೊತೆಗೆ ದಿನಕ್ಕೆ 500. ಹೋಟೆಲ್, ಅಪಾರ್ಟ್‌ಮೆಂಟ್, ವಾಣಿಜ್ಯ ಕಟ್ಟಡಗಳ ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಬಿಲ್ಲೆ) ಹಾಕುವುದನ್ನೂ ಅದೇ ತಿಂಗಳು ಕಡ್ಡಾಯ ಮಾಡಿದರು. ಇದಕ್ಕೂ ಹಿಂದೆ, 2009ರಲ್ಲಿ, ಜಲಮಂಡಳಿಯ 1964ರ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ್ದರು. ಹಳೆಯ ಮನೆಯಾದರೆ 60×40 ಸೈಟಿನಿಂದ ಮೇಲೆ, ಹೊಸ ಮನೆಯಾದರೆ 30×40ರಿಂದ ಮೇಲೆ. ಮಾಡಿಸದಿದ್ದರೆ ಪ್ರತಿ ತಿಂಗಳ ಬಿಲ್ಲಿನ ಮೇಲೆ ದಂಡ.

ಈ ಮೂರೂ ಒಳ್ಳೆಯ ನಿಯಮಗಳೇ. ಏರೇಟರ್ ಚಿಕ್ಕ ವಸ್ತು, ಆದರೆ ಕೈ ತೊಳೆಯುವ ನಲ್ಲಿಯಲ್ಲಿ ಅದು ಮಾಡುವ ಉಳಿತಾಯ ಚಿಕ್ಕದಲ್ಲ. ಮಳೆನೀರು ಕೊಯ್ಲು ಇಲ್ಲದೆ ಬೆಂಗಳೂರಿಗೆ ಬೇರೆ ದಾರಿಯೂ ಇಲ್ಲ. ಆದರೆ ಒಂದು ಗಮನಿಸಿ. ಮೂರೂ ನಿಯಮ ಮೀಟರ್‌ನಿಂದ ಈಚೆ, ಮನೆ ಮತ್ತು ಕಟ್ಟಡದವರು ಮಾಡಬೇಕಾದದ್ದರ ಬಗ್ಗೆ. ಮೀಟರ್‌ವರೆಗೆ ಬರುವ ದಾರಿಯಲ್ಲಿ ಏನಾಗುತ್ತದೆ ಅನ್ನುವುದರ ಬಗ್ಗೆ ಅವುಗಳಲ್ಲಿ ಒಂದು ಮಾತೂ ಇಲ್ಲ.

ಆ ದಾರಿಯ ಬಗ್ಗೆ ಇರುವ ನಿಯಮಗಳು ಬೇರೆ ಕಡೆ ಇವೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ನಗರ ಸೇವೆಗಳಿಗೆ ಮಾನದಂಡ ಪ್ರಕಟಿಸಿತು. ತಲೆಗೆ ದಿನಕ್ಕೆ 135 ಲೀಟರ್ ನೀರು, 24 ಗಂಟೆ ಸರಬರಾಜು, ಎಲ್ಲ ಸಂಪರ್ಕಕ್ಕೂ ಮೀಟರ್, ಲೆಕ್ಕಕ್ಕೆ ಸಿಗದ ನೀರು ಶೇ 20ಕ್ಕಿಂತ ಜಾಸ್ತಿ ಇರಬಾರದು ಅನ್ನುವುದೆಲ್ಲ ಅದರಲ್ಲಿದೆ. ಬಳಿಕ 13ನೇ ಹಣಕಾಸು ಆಯೋಗ ಇದಕ್ಕೆ ದುಡ್ಡಿನ ಗಂಟು ಹಾಕಿತು: ಸ್ಥಳೀಯ ಸಂಸ್ಥೆಗಳಿಗೆ ಸಾಧನೆಯ ಅನುದಾನ ಬೇಕಿದ್ದರೆ ಈ ಗುರಿಗಳನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕಿತ್ತು. 2021ರ ಅಕ್ಟೋಬರ್‌ನಲ್ಲಿ ಶುರುವಾದ, ನಗರಗಳ ನೀರಿಗಾಗಿ ಕೇಂದ್ರ ತಂದ ಅಮೃತ್ 2.0 ಯೋಜನೆಯಲ್ಲೂ ಅದೇ ಶೇ 20 ಇದೆ. ನಗರಕ್ಕೆ ಬೇಕಾದ ನೀರಿನಲ್ಲಿ ಶೇ 20ನ್ನು ಶುದ್ಧೀಕರಿಸಿದ ಬಳಕೆ ನೀರಿನಿಂದ ತುಂಬಿಸಿಕೊಳ್ಳಬೇಕು ಅನ್ನುವ ಇನ್ನೊಂದು ಗುರಿಯೂ ಸೇರಿದೆ.

2020ರ ಅಕ್ಟೋಬರ್ 8ರಂದು ಕೇಂದ್ರ ಅಂತರ್ಜಲ ಪ್ರಾಧಿಕಾರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಹೊರಡಿಸಿದ ಒಂದು ಆದೇಶವೂ ಇದೆ. ಇದರ ಬಗ್ಗೆ ಜನರಿಗೆ ಗೊತ್ತಿರುವುದು ಬಹಳ ಕಡಿಮೆ. ನೆಲದಡಿಯಿಂದ ಎತ್ತಿದ ಕುಡಿಯುವ ನೀರು ಪೋಲಾಗದ ಹಾಗೆ ನೋಡಿಕೊಳ್ಳುವುದು ಜಲಮಂಡಳಿ, ನಗರಪಾಲಿಕೆ, ನಗರಸಭೆಗಳ ಹೊಣೆ ಅಂತ ಅದು ನೇರವಾಗಿ ಹೇಳುತ್ತದೆ. ಅದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಬೇಕು, ಮೀರಿದವರ ಮೇಲೆ ಕ್ರಮ ಇರಬೇಕು ಅಂತಲೂ ಹೇಳುತ್ತದೆ. ನಿಮ್ಮ ಊರಿಗೆ ಬೋರ್‌ವೆಲ್ ನೀರು ಕೊಡುತ್ತಿದ್ದರೆ ಈ ಆದೇಶವನ್ನು ನಿಮ್ಮ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ. ಅದರ ಕೊರತೆ ಏನಂದರೆ, ಎಷ್ಟು ಸೋರಿದರೆ ತಪ್ಪು, ಎಷ್ಟು ದಿನದೊಳಗೆ ರಿಪೇರಿ ಆಗಬೇಕು ಅನ್ನುವ ಅಂಕಿ ಅದರಲ್ಲಿಲ್ಲ.

ಈಗ ‘ಲೆಕ್ಕಕ್ಕೆ ಸಿಗದ ನೀರು’ ಅಂದರೆ ಏನು ಅಂತ ನೋಡೋಣ. ಎಲ್ಲ ಜಗಳವೂ ಇಲ್ಲಿಂದಲೇ ಶುರುವಾಗುವುದು.

ನಗರಸಭೆ ಇಷ್ಟು ನೀರು ಪಂಪ್ ಮಾಡಿತು. ಇಷ್ಟು ನೀರಿಗೆ ಬಿಲ್ ಆಯಿತು. ಎರಡರ ನಡುವಿನ ವ್ಯತ್ಯಾಸವೇ ಲೆಕ್ಕಕ್ಕೆ ಸಿಗದ ನೀರು. ಅದರಲ್ಲಿ ಮೂರು ಬಗೆ ಸೇರಿಕೊಂಡಿರುತ್ತದೆ. ನಿಜವಾಗಿ ಸೋರಿ ಮಣ್ಣಿಗೆ ಹೋದದ್ದು ಒಂದು. ಯಾರೋ ಕುಡಿದಿದ್ದಾರೆ ಆದರೆ ಬಿಲ್ ಆಗಿಲ್ಲ ಅನ್ನುವುದು ಇನ್ನೊಂದು: ಅಕ್ರಮ ಸಂಪರ್ಕ, ನಿಂತುಹೋದ ಮೀಟರ್, ನಿಧಾನವಾಗಿ ತಿರುಗುವ ಹಳೆಯ ಮೀಟರ್. ಮೂರನೆಯದು ಬಿಟ್ಟಿಯಾಗಿ ಕೊಡಲೇಬೇಕಾದದ್ದು: ಬೀದಿ ನಲ್ಲಿ, ಅಗ್ನಿಶಾಮಕ ದಳ, ಪೈಪು ತೊಳೆಯುವುದು. ಪತ್ರಿಕೆಯಲ್ಲಿ ‘ಶೇ 30 ಸೋರಿಕೆ’ ಅಂತ ಬಂದರೆ ಅಷ್ಟೂ ನೀರು ಮಣ್ಣುಪಾಲಾಯಿತು ಅಂತ ಅಲ್ಲ. ಇದನ್ನು ಬಿಡಿಸಿ ಹೇಳದ ಲೆಕ್ಕವನ್ನು ನಂಬಬೇಡಿ, ಅದು ಸಂಸ್ಥೆಯ ಪರವಾಗಿದ್ದರೂ ಸರಿ, ವಿರುದ್ಧವಾಗಿದ್ದರೂ ಸರಿ.

ಬೆಂಗಳೂರಿನ ಉದಾಹರಣೆ ತೆಗೆದುಕೊಂಡರೆ ಇದರ ತೂಕ ಗೊತ್ತಾಗುತ್ತದೆ. ಅಲ್ಲಿ ಒಂದು ಕಾಲಕ್ಕೆ ಹೆಚ್ಚುಕಡಿಮೆ ಅರ್ಧ ನೀರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಪೈಪು ಬದಲಿಸಿ, ಊರನ್ನು ಚಿಕ್ಕ ಚಿಕ್ಕ ವಲಯಗಳಾಗಿ ಒಡೆದು, ಮೀಟರ್ ಹಾಕಿದ ಮೇಲೆ ಅದು ಸಾಕಷ್ಟು ಇಳಿಯಿತು. ಈಗಲೂ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಇದೆ ಅನ್ನುವುದು ಮಂಡಳಿಯ ಲೆಕ್ಕ. ಕಾವೇರಿ ಐದನೇ ಹಂತ ಬರುವ ಮೊದಲು ನಗರಕ್ಕೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ನೀರು ಬರುತ್ತಿತ್ತು. ಅದರ ಕಾಲು ಭಾಗ ಅಂದರೆ 36 ಕೋಟಿ ಲೀಟರ್. 1974ರಲ್ಲಿ ಬಂದ ಕಾವೇರಿ ಮೊದಲ ಹಂತ, 80ರ ದಶಕದ ಶುರುವಿನಲ್ಲಿ ಬಂದ ಎರಡನೇ ಹಂತ, ಎರಡೂ ಸೇರಿಸಿದರೆ 27 ಕೋಟಿ ಲೀಟರ್. ಎರಡು ಇಡೀ ಯೋಜನೆಗಳು ತಂದದ್ದಕ್ಕಿಂತ ಜಾಸ್ತಿ ನೀರು ಪ್ರತಿ ದಿನ ಲೆಕ್ಕದಿಂದ ಹೊರಗೆ ಹೋಗುತ್ತಿತ್ತು.

ಆ ನೀರು ಸುಮ್ನೆ ಹರಿದು ಬಂದದ್ದಲ್ಲ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರ ಏರಿಸಲು ಕಾಗದದ ಲೆಕ್ಕದಲ್ಲೇ ಸುಮಾರು 1.4 ಯೂನಿಟ್ ಕರೆಂಟ್ ಬೇಕು. ಪಂಪು, ಮೋಟರುಗಳ ನಷ್ಟ ಸೇರಿಸಿದರೆ 2 ಯೂನಿಟ್‌ಗೆ ಹತ್ತಿರ. ಶುದ್ಧ ಮಾಡಿ, ಕ್ಲೋರಿನ್ ಹಾಕಿ, ಕರೆಂಟ್ ಸುಟ್ಟು ಮನೆಯ ಬಾಗಿಲವರೆಗೆ ತಂದ ನೀರನ್ನು ಕೊನೆಯ ನೂರು ಮೀಟರ್‌ನಲ್ಲಿ ಮಣ್ಣಿಗೆ ಬಿಡುವುದು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಕೊನೆಯ ನೂರು ಮೀಟರ್ ಹೇಗಿರುತ್ತದೆ ಅಂತ ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಊರು. ಒಂದು ಬಡಾವಣೆಗೆ ಮಾತ್ರ ಕೆಲವು ದಿನ ಇಡೀ ರಾತ್ರಿ ನೀರು ಬಿಟ್ಟು ಪರೀಕ್ಷೆ ಮಾಡುತ್ತಿದ್ದೆವು. ಬೆಳಗಿನ ಜಾವ ಎರಡೂವರೆ ಗಂಟೆ. ಎಲ್ಲರೂ ಮಲಗಿದ್ದಾರೆ. ಸಂಪುಗಳು ತುಂಬಿವೆ, ತೇಲುಬುರುಡೆ ನೀರು ನಿಲ್ಲಿಸಿದೆ. ಆ ಹೊತ್ತಿನಲ್ಲಿ ಬಡಾವಣೆಯ ಬಾಯಲ್ಲಿರುವ ದೊಡ್ಡ ಮೀಟರ್ ಹೆಚ್ಚುಕಡಿಮೆ ನಿಂತೇ ಬಿಡಬೇಕು. ಅದು ಜೋರಾಗಿ ತಿರುಗುತ್ತಿತ್ತು. ಕುಡಿಯುವವರು ಯಾರೂ ಇಲ್ಲ, ನೀರು ಹೋಗುತ್ತಿದೆ ಅಂದರೆ ಅದು ಸೋರಿಕೆ. ನೀರು ಸರಬರಾಜಿನವರು ಎಲ್ಲ ದೇಶಗಳಲ್ಲೂ ನಂಬುವ ಪರೀಕ್ಷೆ ಇದೇ, ರಾತ್ರಿಯ ಕನಿಷ್ಠ ಹರಿವು.

ನಮ್ಮ ಜೊತೆ ಒಬ್ಬ ಹಿರಿಯ ವಾಲ್ವ್‌ಮ್ಯಾನ್ ಇದ್ದರು. ಅವರ ಕೈಯಲ್ಲಿ ಕಬ್ಬಿಣದ ಒಂದು ಸಲಾಕೆ. ಒಂದು ತುದಿಯನ್ನು ಮನೆ ಮುಂದಿನ ಪೈಪಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಡುತ್ತಿದ್ದರು. ಒಂದೊಂದು ಮನೆಗೂ ಹತ್ತು ಸೆಕೆಂಡು. ತಲೆ ಅಲ್ಲಾಡಿಸಿ ಮುಂದಕ್ಕೆ. ಹದಿನೇಳನೆಯದೋ ಹದಿನೆಂಟನೆಯದೋ ಮನೆ ಮುಂದೆ ನಿಂತು, ‘ಸಾರ್, ನೀವೇ ಕೇಳಿ’ ಅಂದರು. ನಾನು ಕಿವಿ ಇಟ್ಟೆ. ಕುಕ್ಕರ್ ವಿಷಲ್ ಹೊಡೆಯುವ ಮೊದಲು ಬರುತ್ತದಲ್ಲ, ಆ ಥರದ ಸಣ್ಣ ಸುಂಯ್ ಸದ್ದು. ಬೆಳಗಾದ ಮೇಲೆ ಅಗೆದೆವು. ದೊಡ್ಡ ಪೈಪಿನಿಂದ ಮನೆಗೆ ಸಂಪರ್ಕ ಕೊಡುವ ಜಾಗದಲ್ಲಿ, ಫೆರೂಲ್ ಅಂತೀವಿ, ಅದರ ಪಕ್ಕದ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು) ತುಕ್ಕು ಹಿಡಿದು ತೂತಾಗಿತ್ತು. ಕಡ್ಡಿಪೆಟ್ಟಿಗೆಯ ಕಡ್ಡಿ ಸಲೀಸಾಗಿ ಹೋಗುವಷ್ಟು ತೂತು, ಹೆಚ್ಚೆಂದರೆ 3 ಮಿಲಿಮೀಟರ್. ಸುತ್ತಲಿನ ಮಣ್ಣು ತೊಳೆದುಹೋಗಿ ಮುಷ್ಟಿ ಗಾತ್ರದ ಗುಳಿಯಾಗಿತ್ತು. ನೀರು ಮೇಲಕ್ಕೆ ಬಂದೇ ಇರಲಿಲ್ಲ. ಅಡಿಯಲ್ಲೇ ದಾರಿ ಮಾಡಿಕೊಂಡು ಹಳೆಯ ಕಲ್ಲು ಚರಂಡಿ ಸೇರುತ್ತಿತ್ತು. ಪೈಪಿನ ಸ್ಥಿತಿ ನೋಡಿದರೆ ವರ್ಷಗಟ್ಟಲೆ ಹಾಗೇ ಸೋರಿರಬೇಕು. ಒಂದೇ ಒಂದು ದೂರು ಬಂದಿರಲಿಲ್ಲ.

3 ಮಿಲಿಮೀಟರ್ ತೂತಿನಿಂದ ಎಷ್ಟು ನೀರು ಹೋಗುತ್ತದೆ? ಪೈಪಿನಲ್ಲಿ 20 ಮೀಟರ್ ಒತ್ತಡ, ಅಂದರೆ ನೀರನ್ನು ಅಷ್ಟೆತ್ತರ ಏರಿಸುವಷ್ಟು ಒತ್ತಡ ಇದ್ದರೆ, 24 ಗಂಟೆಯಲ್ಲಿ ಸುಮಾರು 7,000 ಲೀಟರ್. ತಲೆಗೆ 135 ಲೀಟರ್ ಲೆಕ್ಕದಲ್ಲಿ ಐವತ್ತಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಇದಕ್ಕೆ ನಿಮ್ಮ ಅಡುಗೆಮನೆಯ ತೊಟ್ಟಿಕ್ಕುವ ನಲ್ಲಿಯನ್ನು ಹೋಲಿಸಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ ಸುಮಾರು 5 ಲೀಟರ್. ಅದನ್ನೂ ನಿಲ್ಲಿಸಲೇಬೇಕು, ವಾಷರ್ ಹಾಕಿಸಿ. ಆದರೆ ಮೈಕ್ ಹಿಡಿದು ಹೇಳುವುದೆಲ್ಲ ಈ 5 ಲೀಟರ್ ಬಗ್ಗೆ. ಆ 7,000 ಲೀಟರ್ ಬಗ್ಗೆ ಹೇಳಲು ಯಾರಿಗೂ ನಿಯಮದ ಒತ್ತಾಯವಿಲ್ಲ.

ನಿಮ್ಮ ಊರಿನಂಥ ಕಡೆ ಇನ್ನೊಂದು ತೊಡಕಿದೆ. ಎರಡು ದಿನಕ್ಕೊಮ್ಮೆ ಮೂರು ಗಂಟೆ ನೀರು ಬಿಡುವ ಜಾಗದಲ್ಲಿ ರಾತ್ರಿಯ ಪರೀಕ್ಷೆ ಮಾಡಲು ಆಗುವುದಿಲ್ಲ. ನೀರು ಬಂದಾಗ ಎಲ್ಲ ನಲ್ಲಿಯೂ ತೆರೆದಿರುತ್ತದೆ. ಯಾವುದು ಬಳಕೆ, ಯಾವುದು ಸೋರಿಕೆ, ಹೇಳುವುದು ಕಷ್ಟ. ನೀರು ನಿಂತ ಮೇಲೆ ಪೈಪು ಖಾಲಿಯಾಗಿ, ಹೊರಗಿನ ಚರಂಡಿ ನೀರು ಅದೇ ತೂತಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ತುಂಬಿದ ಗಾಳಿ ಮೀಟರ್ ತಿರುಗಿಸುತ್ತದೆ, ಮೀಟರ್ ಬೇಗ ಕೆಡುತ್ತದೆ. ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತು. ಹೊಸ ನೀರು ಬಂತು ಅಂದ ಕೂಡಲೇ ಮೊನ್ನೆಯ ನೀರು ಚೆಲ್ಲಿ ಕೊಡ, ಡ್ರಮ್ಮು ಎಲ್ಲ ಮತ್ತೆ ತುಂಬುತ್ತೇವೆ, ಅಲ್ವಾ? ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲದವರು ಮಾಡುವುದು ಅದನ್ನೇ. ಅದಕ್ಕೆ ಜನರನ್ನು ದೂರುವುದು ಸರಿಯಲ್ಲ.

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಒಮ್ಮೆ ಕಂಡಿತ್ತು. ವಿಶ್ವ ಬ್ಯಾಂಕ್ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡಲು ಶುರು ಮಾಡಿದರು. ಸುಮಾರು 2 ಲಕ್ಷ ಜನ ಇದ್ದ ವಲಯಗಳು. ಹಳೆಯ ಪೈಪಿಗೆ ತೇಪೆ ಹಾಕಲಿಲ್ಲ, ಬೀದಿಯ ಪೈಪಿನಿಂದ ಮನೆಯ ಸಂಪರ್ಕದವರೆಗೆ ಹೊಸದು ಹಾಕಿದರು. ಮನೆ ಮನೆಗೂ ಮೀಟರ್ ಕೂರಿಸಿದರು. 24 ಗಂಟೆ ಬಿಟ್ಟರೆ ಜನ ನೀರು ಬೇಕಾಬಿಟ್ಟಿ ಸುರಿಯುತ್ತಾರೆ ಅಂತ ನಮ್ಮಲ್ಲಿ ಅನೇಕ ಎಂಜಿನಿಯರ್‌ಗಳು ಹೆದರಿದ್ದರು. ಹಾಗೆ ಆಗಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅಂತ ನಂಬಿಕೆ ಬಂದ ಮೇಲೆ ಯಾರೂ ಡ್ರಮ್ಮು ತುಂಬಿಡುವುದಿಲ್ಲ, ಚೆಲ್ಲುವುದೂ ಇಲ್ಲ. ಆ ಕೆಲಸ ಅಲ್ಲಿಂದ ಇಡೀ ಊರಿಗೆ ಹರಡಲು ಇಷ್ಟು ವರ್ಷ ಹಿಡಿಯಿತು ಅನ್ನುವುದೇ ನನ್ನ ಬೇಸರ.

ಈಗ ನಿಮ್ಮ ಮಗಳು ಹೇಳಿದ ಮಾತಿಗೆ ಬರುತ್ತೇನೆ. ಆಕೆ ಹೇಳಿದ್ದು ಸರಿ.

ಕ್ಯಾಲಿಫೋರ್ನಿಯಾದಲ್ಲಿ 3,000ಕ್ಕಿಂತ ಜಾಸ್ತಿ ಸಂಪರ್ಕ ಇರುವ ಅಥವಾ ವರ್ಷಕ್ಕೆ ಸುಮಾರು 370 ಕೋಟಿ ಲೀಟರ್‌ಗಿಂತ ಜಾಸ್ತಿ ನೀರು ಕೊಡುವ ಪ್ರತಿ ನಗರ ಸಂಸ್ಥೆಯೂ ಕಾನೂನಿನ ಕಣ್ಗಾವಲಿನಲ್ಲಿ ಇರುತ್ತದೆ. ಅಲ್ಲಿನ ಕಥೆ ಶುರುವಾಗುವುದು ಲೆಕ್ಕದಿಂದ. 2015ರಲ್ಲಿ ಎಸ್‌ಬಿ 555 ಅನ್ನುವ ಕಾನೂನು ಬಂತು. ಅದರಂತೆ 2017ರಿಂದ ಪ್ರತಿ ವರ್ಷ ಸಂಸ್ಥೆಗಳು ತಮ್ಮ ನೀರಿನ ನಷ್ಟದ ಆಡಿಟ್ ಸಲ್ಲಿಸಬೇಕು. ಆಡಿಟ್ ಬರೆದವರೇ ಅದಕ್ಕೆ ಸಹಿ ಹಾಕಿ ಕಳಿಸುವ ಹಾಗಿಲ್ಲ. ತರಬೇತಿ ಪಡೆದ ಬೇರೆಯವರು ಕೂತು ಪರಿಶೀಲಿಸಬೇಕು: ಈ ಮೀಟರ್ ಯಾವಾಗ ಪರೀಕ್ಷೆ ಆಯಿತು, ಈ ಅಂಕಿ ಎಲ್ಲಿಂದ ಬಂತು. ಆಮೇಲೆ ಅದನ್ನು ರಾಜ್ಯದ ಜಲಸಂಪನ್ಮೂಲ ಇಲಾಖೆ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತದೆ. ಹೀಗೆ ಕೆಲವು ವರ್ಷ ಲೆಕ್ಕ ಕೂಡಿದ ಮೇಲೆ, 2022ರ ಅಕ್ಟೋಬರ್‌ನಲ್ಲಿ, ಪ್ರತಿ ಸಂಸ್ಥೆಗೂ ಅದರದ್ದೇ ಆದ ಸೋರಿಕೆಯ ಮಿತಿ ನಿಗದಿ ಮಾಡಿದರು. 2028ರ ಹೊತ್ತಿಗೆ ಅದರೊಳಗೆ ಬರಬೇಕು. ಮೊದಲು ಅಳತೆ, ಆಮೇಲೆ ಮಿತಿ. ಈ ಕ್ರಮ ನನಗೆ ಬಹಳ ಹಿಡಿಸಿತು.

ಇನ್ನೊಂದು ವಿಷಯ. ಅವರು ಮಿತಿಯನ್ನು ಶೇಕಡಾ ಲೆಕ್ಕದಲ್ಲಿ ಹಾಕಲಿಲ್ಲ. ಒಂದು ಸಂಪರ್ಕಕ್ಕೆ ದಿನಕ್ಕೆ ಇಷ್ಟು ಗ್ಯಾಲನ್ ಅಥವಾ ಒಂದು ಮೈಲಿ ಪೈಪಿಗೆ ಇಷ್ಟು ಗ್ಯಾಲನ್ ಅಂತ ಹಾಕಿದರು. ಇದು ಯಾಕೆ ಮುಖ್ಯ ಅಂದರೆ, ಒಂದು ಊರಿಗೆ ದಿನಕ್ಕೆ 1 ಕೋಟಿ ಲೀಟರ್ ಬಿಡುತ್ತಾರೆ, 30 ಲಕ್ಷ ಲೀಟರ್ ಸೋರುತ್ತದೆ ಅಂದುಕೊಳ್ಳಿ. ಶೇ 30. ಜನ ಮೈಕಿನ ಮಾತು ಕೇಳಿ 10 ಲಕ್ಷ ಲೀಟರ್ ಉಳಿಸಿದರು. ಈಗ 90 ಲಕ್ಷ ಬಿಟ್ಟರೆ ಸಾಕು. ಸೋರುವುದು ಅದೇ 30 ಲಕ್ಷ. ಶೇಕಡಾ ಎಷ್ಟಾಯಿತು? 33ಕ್ಕೂ ಜಾಸ್ತಿ. ಜನ ಒಳ್ಳೆಯದು ಮಾಡಿದ್ದಕ್ಕೆ ಕಾಗದದ ಮೇಲೆ ಸೋರಿಕೆ ಏರಿತು! ಬಳಕೆ ಜಾಸ್ತಿಯಾದರೆ ಅದೇ ಶೇಕಡಾ ತಾನಾಗಿ ಇಳಿಯುತ್ತದೆ, ಒಂದು ತೂತನ್ನೂ ಮುಚ್ಚದೆ. ನಮ್ಮ ಶೇ 20ರ ಗುರಿಯ ದೊಡ್ಡ ದೋಷ ಇದು. ಬದಲಾಯಿಸಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಸೋರಿಕೆಯ ಮಿತಿ ಆಯಿತು, ಈಗ ಬಳಕೆಯ ಮಿತಿ. 2018ರಲ್ಲಿ ಅಲ್ಲಿ ಎರಡು ಕಾನೂನು ಒಟ್ಟಿಗೆ ಬಂದವು. ಅದರ ನಿಯಮಗಳು 2024ರ ಜುಲೈನಲ್ಲಿ ಅಂತಿಮವಾಗಿ, 2025ರ ಜನವರಿ 1ರಿಂದ ಜಾರಿಯಾದವು. ಮನೆಯೊಳಗಿನ ಬಳಕೆಗೆ ತಲೆಗೆ ದಿನಕ್ಕೆ 47 ಗ್ಯಾಲನ್, ಅಂದರೆ ಸುಮಾರು 178 ಲೀಟರ್. 2030ರಿಂದ 42 ಗ್ಯಾಲನ್, ಸುಮಾರು 159 ಲೀಟರ್. ಇದಕ್ಕೆ ಹೊರಗಿನ ಹುಲ್ಲು, ಗಿಡಗಳಿಗೆ ಒಂದು ಲೆಕ್ಕ, ಸೋರಿಕೆಗೆ ಒಂದು ಲೆಕ್ಕ ಕೂಡಿಸಿ, ಇಡೀ ಊರಿಗೆ ಒಂದು ನೀರಿನ ಬಜೆಟ್ ಕಟ್ಟುತ್ತಾರೆ. ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವುದು ಒಂದಿದೆ: ನಿಮ್ಮ ಮಗಳು 47 ಗ್ಯಾಲನ್ ದಾಟಿದರೆ ರಾಜ್ಯ ಆಕೆಗೆ ದಂಡ ಹಾಕುವುದಿಲ್ಲ. ಬಜೆಟ್ ಇರುವುದು ಸಂಸ್ಥೆಗೆ. ಅದರೊಳಗೆ ಇರುವುದು ಹೇಗೆ ಅನ್ನುವುದು ಸಂಸ್ಥೆಯ ತಲೆನೋವು. ಪೈಪು ಬದಲಿಸಬಹುದು, ದರ ಬದಲಿಸಬಹುದು, ಹುಲ್ಲು ಕಿತ್ತು ಬರ ತಾಳುವ ಗಿಡ ನೆಟ್ಟವರಿಗೆ ಹಣ ಕೊಡಬಹುದು.

ಅಲ್ಲಿ ಎಲ್ಲವೂ ಸಲೀಸಾಗಿ ಆಗಿಲ್ಲ. ಮೊದಲ ಕರಡು ಇನ್ನೂ ಬಿಗಿಯಾಗಿತ್ತು. ಖರ್ಚು ಜಾಸ್ತಿ, ಸಿಗುವ ನೀರು ಕಡಿಮೆ ಅಂತ ಸಂಸ್ಥೆಗಳು ದೂರಿದವು. ಕೊನೆಗೆ ಕೆಲವು ಗುರಿಗಳ ಗಡುವು 2040ಕ್ಕೆ ಹೋಯಿತು. ಅಲ್ಲಿನ 178 ಲೀಟರ್ ನೋಡಿ ನಮ್ಮವರು ಅದನ್ನು ಹಾಗೇ ನಕಲು ಮಾಡಲೂ ಬಾರದು. ನಮ್ಮ ಎಷ್ಟೋ ಊರುಗಳಲ್ಲಿ 135 ಲೀಟರ್ ಕೂಡ ಸಿಗುತ್ತಿಲ್ಲ. ಸಿಗದವರಿಗೆ ಉಳಿಸಿ ಅಂತ ಹೇಳುವ ಮೊದಲು ಕೊಡಬೇಕು.

ಇಂಗ್ಲೆಂಡ್, ವೇಲ್ಸ್‌ನದು ಬೇರೆ ದಾರಿ. ನೀರು ಕೊಡುವುದು ಕಂಪನಿಗಳು. ಮೇಲೆ ಆಫ್‌ವಾಟ್ ಅನ್ನುವ ನಿಯಂತ್ರಕ ಸಂಸ್ಥೆ. ಐದೈದು ವರ್ಷಕ್ಕೆ ಸೋರಿಕೆಯ ಗುರಿ ಕೊಡುತ್ತಾರೆ. ತಪ್ಪಿದರೆ ಕಂಪನಿ ಗ್ರಾಹಕರ ಬಿಲ್ಲಿನಲ್ಲಿ ಹಣ ಇಳಿಸಬೇಕಾಗುತ್ತದೆ. ಇಷ್ಟಿದ್ದೂ ಅಲ್ಲಿ ದಿನಕ್ಕೆ ಸುಮಾರು 300 ಕೋಟಿ ಲೀಟರ್ ಸೋರುತ್ತದೆ. 2050ರೊಳಗೆ 2017-18ರ ಮಟ್ಟದ ಅರ್ಧಕ್ಕೆ ಇಳಿಸಬೇಕು ಅನ್ನುವುದು ಅವರ ಗುರಿ. ಹಳೆಯ ಪೈಪು ಶ್ರೀಮಂತ ದೇಶವನ್ನೂ ಬಿಡುವುದಿಲ್ಲ.

ನಮ್ಮಲ್ಲಿ ಯಾಕೆ ಆಗುತ್ತಿಲ್ಲ? ಎಂಜಿನಿಯರ್‌ಗಳಿಗೆ ಗೊತ್ತಿಲ್ಲ ಅಂತಲ್ಲ. ನಾನು ಕಂಡ ಕಾರಣ ಎರಡು. ಹೊಸ ಯೋಜನೆಗೆ ಸಾಲ ಸಿಗುತ್ತದೆ, ಟೆಂಡರ್ ಆಗುತ್ತದೆ, ಉದ್ಘಾಟನೆ ಆಗುತ್ತದೆ. ಸೋರಿಕೆ ಮುಚ್ಚುವುದಕ್ಕೆ ಪ್ರತ್ಯೇಕ ಬಜೆಟ್ಟೇ ಇರುವುದಿಲ್ಲ. ಅದು ‘ನಿರ್ವಹಣೆ’ ಅನ್ನುವ ತಲೆಬರಹದಡಿ ಪಂಪ್ ರಿಪೇರಿ, ಕರೆಂಟ್ ಬಿಲ್ ಜೊತೆ ಕಿತ್ತಾಡಬೇಕು. ಎರಡನೆಯದು, ನಮ್ಮ ರಾಜ್ಯದ ಹೆಚ್ಚಿನ ಊರುಗಳಲ್ಲಿ ಯೋಜನೆ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಆಮೇಲೆ ನಡೆಸುವುದು ನಗರಸಭೆ ಅಥವಾ ಪುರಸಭೆ. ಬೆಂಗಳೂರಿಗೆ ಮಾತ್ರ ಕಟ್ಟುವುದಕ್ಕೂ ನಡೆಸುವುದಕ್ಕೂ ಒಂದೇ ಮಂಡಳಿ. ಕಟ್ಟಿದವರಿಗೆ ಪೈಪು ಎಲ್ಲಿದೆ ಗೊತ್ತು, ನಡೆಸುವವರಿಗೆ ಸೋರಿಕೆ ಎಲ್ಲಿದೆ ಗೊತ್ತು. ಎರಡೂ ಒಂದೇ ನಕ್ಷೆಯ ಮೇಲೆ ಇರುವುದು ಅಪರೂಪ. ಎಷ್ಟೋ ಊರಲ್ಲಿ ಆ ನಕ್ಷೆ ಇರುವುದು ನಿವೃತ್ತಿಗೆ ಹತ್ತಿರವಾದ ಒಬ್ಬ ವಾಲ್ವ್‌ಮ್ಯಾನ್ ತಲೆಯಲ್ಲಿ.

ಹೊಸ ಕಾನೂನು ಬರಲಿ ಅಂತ ನೀವು ಕಾಯಬೇಕಿಲ್ಲ. ಮಾಹಿತಿ ಹಕ್ಕಿನಲ್ಲಿ ನಿಮ್ಮ ನಗರಸಭೆಗೆ ಒಂದು ಅರ್ಜಿ ಹಾಕಿ. ಕಳೆದ 12 ತಿಂಗಳಲ್ಲಿ ತಿಂಗಳುವಾರು ಎಷ್ಟು ನೀರು ಪಂಪ್ ಮಾಡಿದರು, ಎಷ್ಟಕ್ಕೆ ಬಿಲ್ ಮಾಡಿದರು ಅಂತ ಕೇಳಿ. ಪಂಪ್ ಮಾಡಿದ್ದನ್ನು ಮೀಟರ್‌ನಲ್ಲಿ ಅಳೆದರಾ ಅಥವಾ ಪಂಪ್ ಓಡಿದ ಗಂಟೆಗಳಿಂದ ಅಂದಾಜು ಮಾಡಿದರಾ ಅಂತ ತಪ್ಪದೆ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಊರಿನ ಎಷ್ಟು ಸಂಪರ್ಕಕ್ಕೆ ಕೆಲಸ ಮಾಡುವ ಮೀಟರ್ ಇದೆ, ಸೋರಿಕೆಯ ದೂರು ಬಂದ ದಿನ ಮತ್ತು ರಿಪೇರಿಯಾದ ದಿನ ಬರೆದಿಡುವ ರಿಜಿಸ್ಟರ್ ಇದೆಯಾ, ಅದರ ಪ್ರತಿ ಕೊಡಿ ಅಂತ ಸೇರಿಸಿ. ಇದರಲ್ಲಿ ಯಾವುದೂ ಗುಟ್ಟಿನ ವಿಷಯವಲ್ಲ. 2008ರ ಮಾನದಂಡದ ಲೆಕ್ಕ ಸರಿಯಾಗಿ ಹಾಕಲು ಇವೆಲ್ಲ ಅವರ ಬಳಿ ಇರಬೇಕು.

ಇನ್ನು ನಿಮ್ಮ ಬೀದಿಯ ತಿರುವಿನ ಪೈಪು. ಮುಂದಿನ ಸಲ ನೀರು ಬಿಟ್ಟಾಗ 20 ಲೀಟರ್ ಬಕೆಟ್ ತೆಗೆದುಕೊಂಡು ಹೋಗಿ. ನೀರು ಚರಂಡಿಗೆ ಬೀಳುವ ಜಾಗದಲ್ಲಿ ಹಿಡಿದು, ಮೊಬೈಲ್‌ನಲ್ಲಿ ಸಮಯ ನೋಡಿ. ಉದಾಹರಣೆಗೆ 40 ಸೆಕೆಂಡಿನಲ್ಲಿ ಬಕೆಟ್ ತುಂಬಿತು ಅಂದುಕೊಳ್ಳಿ. ಸೆಕೆಂಡಿಗೆ ಅರ್ಧ ಲೀಟರ್. ಮೂರು ಗಂಟೆಗೆ 5,400 ಲೀಟರ್. 18 ದಿನದಲ್ಲಿ ಒಂಬತ್ತು ಸಲ ನೀರು ಬಿಟ್ಟಿದ್ದರೆ 48,600 ಲೀಟರ್, ಅಂದರೆ 6,000 ಲೀಟರ್‌ನ ಎಂಟು ಟ್ಯಾಂಕರ್. ಮಣ್ಣಿಗೆ ಇಳಿದದ್ದು ಇದಕ್ಕೆ ಸೇರಿಲ್ಲ. ಫೋಟೋ, ದಿನಾಂಕ, ನೀರು ಬಿಟ್ಟ ಮತ್ತು ನಿಲ್ಲಿಸಿದ ಸಮಯ, ಈ ಲೆಕ್ಕ, ಎಲ್ಲ ಸೇರಿಸಿ ಒಂದು ಪುಟದ ದೂರು ಬರೆದು, ಪೌರಾಯುಕ್ತರ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ‘ನೀರು ಪೋಲಾಗುತ್ತಿದೆ’ ಅನ್ನುವ ದೂರು ಫೈಲಿನಲ್ಲಿ ಮಲಗುತ್ತದೆ. ‘48,600 ಲೀಟರ್ ಹೋಗಿದೆ, ಪ್ರತಿ ಸಲ ಇನ್ನೂ 5,400 ಹೋಗುತ್ತಿದೆ’ ಅಂತ ಬರೆದ ದೂರಿಗೆ ಎಂಜಿನಿಯರ್ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ. ಆ ಮೇಜಿನ ಆಚೆ ಕೂತಿದ್ದವನಾಗಿ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ. ಆ ಪೈಪು ರಿಪೇರಿ ಆಗುವವರೆಗೆ, ನೀರು ಬಿಟ್ಟ ಮೊದಲ ಹತ್ತು-ಹದಿನೈದು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ. ಅದನ್ನು ಬೇರೆ ಬಕೆಟ್‌ನಲ್ಲಿ ಹಿಡಿದು ಶೌಚಾಲಯಕ್ಕೆ ಬಳಸಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ನಲ್ಲಿಯ ತುದಿಯಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಭಾರತೀಯ ಮಾನಕ. ನಿಮ್ಮ ಬೀದಿಯಲ್ಲಿ ಅದನ್ನು ಪರೀಕ್ಷೆ ಮಾಡಿಸಿ ಅಂತ ಅದೇ ದೂರಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬಿತು ಅಂತ ನನಗೂ ಬರೆಯಿರಿ. ದೂರನ್ನು ಒಟ್ಟಿಗೆ ಕೂತು ತಿದ್ದೋಣ.